ನವನಗರದ ಮನೆಯಲ್ಲಿ 14 ಜನರ ಪೇಂಟಿಂಗ್ ಪಾರ್ಟಿ: ಇಳಕಲ್ ಸೆರಗೇ ಸಾಕು

ಪ್ರಶ್ನೆ: ಮೇಡಂ, ನಾನು ಬಾಗಲಕೋಟೆಯ ನವನಗರದವಳು. ನಮ್ಮವ್ವ ಪ್ರಾಥಮಿಕ ಶಾಲೆಯ ಶಿಕ್ಷಕಿ. ಫೆಬ್ರುವರಿ ಕೊನೆಗೆ ನಿವೃತ್ತಿ. ಶಾಲು, ಹಾರ, ಭಾಷಣ ಎಲ್ಲ ಶಾಲೆಯಲ್ಲೇ ಆಗುತ್ತದೆ. ಮನೆಯಲ್ಲಿ ಬೇರೆ ಏನಾದರೂ ಮಾಡೋಣ ಅಂತ, ಮಾರ್ಚ್ ಮೊದಲ ಭಾನುವಾರ ಎಲ್ಲರೂ ಕೂತು ಚಿತ್ರ ಬಿಡಿಸುವ ಪಾರ್ಟಿ ಇಟ್ಟುಕೊಂಡಿದ್ದೇನೆ. ಅವ್ವನ ಗೆಳತಿಯರು, ಕಾಕು, ಅತ್ತೆ, ನನ್ನ ಗೆಳತಿಯರು ಸೇರಿ 14 ಜನ. ಜೊತೆಗೆ ಇಬ್ಬರು ಸಣ್ಣ ಮಕ್ಕಳು. ಯಾರಿಗೂ ಪೇಂಟಿಂಗ್ ಬರುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಮಾಳಿಗೆ ಮೇಲೆ ಮಾಡಬಹುದಾ? ಯಾವ ಬಣ್ಣ, ಎಷ್ಟು ತರಬೇಕು? ಬಾದಾಮಿಯ ಭೂತನಾಥ ಗುಡಿಯ ಚಿತ್ರ ಇಡೋಣ ಅಂತ ಆಸೆ. ಹಿರಿಯರಿಗೆ ಬೇಜಾರಾಗದ ಹಾಗೆ ನಡೆಸುವುದು ಹೇಗೆ?

ಉತ್ತರ: ಮೊದಲು ಭೂತನಾಥ ಗುಡಿಯನ್ನು ಕೈಬಿಡಿ. ಫೋಟೊದಲ್ಲಿ ನೋಡಿದರೆ ಸುಲಭ ಅನಿಸುತ್ತದೆ. ಮೇಲೆ ಆಕಾಶ, ನಡುವೆ ಗುಡಿ, ಕೆಳಗೆ ಅಗಸ್ತ್ಯ ತೀರ್ಥದ ನೀರು, ಅಷ್ಟೇ ತಾನೆ? ಬಿಡಿಸಲು ಕೂತಾಗ ಗೊತ್ತಾಗುತ್ತದೆ. ಶಿಖರ ಒಂದು ಚೂರು ವಾಲಿದರೂ ಕಣ್ಣಿಗೆ ಹೊಡೆಯುತ್ತದೆ. ನೀರಿನಲ್ಲಿ ಅದರ ಬಿಂಬವೂ ಅಷ್ಟೇ ಸರಿಯಾಗಿ ಬರಬೇಕು. ಸಂಜೆಯ ಆಕಾಶ ಇನ್ನೂ ಕಷ್ಟ. ಕಿತ್ತಳೆಯಿಂದ ನೀಲಿಗೆ ಬಣ್ಣ ಹಸಿ ಇದ್ದಾಗಲೇ ಬೆರೆಸುತ್ತ ಹೋಗಬೇಕು. ಮಾರ್ಚ್ ತಿಂಗಳ ನಿಮ್ಮೂರಿನ ಒಣ ಹವೆಯಲ್ಲಿ ಬಣ್ಣ ಅಷ್ಟು ಹೊತ್ತು ಹಸಿ ಇರುವುದಿಲ್ಲ. ಇದ್ದರೂ ಕಿತ್ತಳೆ ಮತ್ತು ನೀಲಿ ಕೂಡಿದ ಜಾಗ ಮಾಸಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟೊತ್ತಿಗೆ ನಿಮ್ಮ ಕಾಕು ಬ್ರಶ್ ಕೆಳಗಿಟ್ಟು "ನನಗ ಇದೆಲ್ಲ ಬರಂಗಿಲ್ಲವಾ" ಅಂತ ಅಡುಗೆಮನೆ ಕಡೆ ಎದ್ದಿರುತ್ತಾರೆ.

ಇಂಥ ಪಾರ್ಟಿಗಳು ಕೆಡುವುದಕ್ಕೆ ನಾನು ಕಂಡ ಮುಖ್ಯ ಕಾರಣ ಇದೇ, ಚಿತ್ರದ ಆಯ್ಕೆ. ಒಳ್ಳೆಯ ಬಣ್ಣ, ಒಳ್ಳೆಯ ಬ್ರಶ್, ಚಂದದ ಅಲಂಕಾರ ಎಲ್ಲ ಇದ್ದೂ ಚಿತ್ರ ತಪ್ಪಿದರೆ ಅರ್ಧ ಗಂಟೆಯಲ್ಲಿ ಕೋಣೆ ಸಪ್ಪಗಾಗುತ್ತದೆ. ನಾನು ಚಿತ್ರ ಆರಿಸುವಾಗ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರನ್ನು ನೆನೆಸಿಕೊಳ್ಳುತ್ತೇನೆ. ಗೆರೆ ಸೊಟ್ಟಾದರೂ ನಡೆಯುವಂಥದ್ದು ಬೇಕು. ಒಮ್ಮೆ ಕಲಿತ ಕೈ ಮತ್ತೆ ಮತ್ತೆ ಉಪಯೋಗಕ್ಕೆ ಬರಬೇಕು. ಕೂತವರಿಗೆ ಆ ವಸ್ತು ಮೊದಲೇ ಪರಿಚಯ ಇರಬೇಕು.

ಹಾಗಾಗಿ ನಿಮ್ಮ ಗುಂಪಿಗೆ ನಾನು ಹೇಳುವುದು ಇಳಕಲ್ ಸೀರೆಯ ಸೆರಗು. ನಿಮ್ಮ ಜಿಲ್ಲೆಯದೇ ಸೀರೆ. ಬಂದವರಲ್ಲಿ ಒಂದಿಬ್ಬರು ಅದನ್ನೇ ಉಟ್ಟುಕೊಂಡು ಬರುತ್ತಾರೆ, ನೋಡಿ ಬೇಕಾದರೆ. ಅವ್ವನ ಟ್ರಂಕಿನಿಂದ ಒಂದು ಟೋಪ್ ತೆನಿ ಸೆರಗಿನ ಸೀರೆ ತೆಗೆದು ಹಾಸಿ. ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ. ಕೆಂಪು ಬಿಳಿ ಕೂಡುವಲ್ಲಿ ಹಣಿಗೆಯ ಹಲ್ಲು, ಕೋಟೆಗೋಡೆಯ ಹಲ್ಲು, ಜೋಳದ ತೆನೆ, ಗುಡ್ಡದ ಸಾಲು. ಎಲ್ಲ ಸಣ್ಣ ಆಕಾರಗಳು, ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿವೆ. ಮುಖ ಬಿಡಿಸಬೇಕಿಲ್ಲ, ನೆರಳು ತೋರಿಸಬೇಕಿಲ್ಲ, ದೂರ ಹತ್ತಿರದ ಲೆಕ್ಕ ಇಲ್ಲ. ಒಂದು ಹಲ್ಲು ಸೊಟ್ಟಾಯಿತಾ? ಮುಂದಿನ ಮೂವತ್ತು ಹಲ್ಲು ಅದನ್ನು ಮರೆಸುತ್ತವೆ. ಇನ್ನೊಂದು ಲಾಭ ಇದೆ. ಇಲ್ಲಿ ಹಿರಿಯರಿಗೆ ನಿಮಗಿಂತ ಜಾಸ್ತಿ ಗೊತ್ತು. ಸೀರೆಯ ಅಂಚುಗಳಲ್ಲಿ ಗೋಮಿ ದಡಿ ಯಾವುದು, ಗಾಡಿ ದಡಿ ಯಾವುದು, ಚಿಕ್ಕಿ ಪರಾಸ್ ಯಾವುದು ಅಂತ ಅವರೇ ನಿಮಗೆ ಪಾಠ ಹೇಳುತ್ತಾರೆ. ಹೇಳಲಿ ಬಿಡಿ. ಪಾರ್ಟಿಯ ಜೀವ ಅಲ್ಲೇ ಇದೆ.

ಅಳತೆ ಹೀಗಿಟ್ಟುಕೊಳ್ಳಿ. 12 ಇಂಚು ಅಗಲ, 16 ಇಂಚು ಎತ್ತರದ ಕ್ಯಾನ್ವಾಸ್. ಮೇಲಿನ 6 ಇಂಚು ಸೀರೆಯ ಒಡಲು. ಅದರ ಕೆಳಗೆ ಎರಡೂವರೆ ಇಂಚಿನ ಕೆಂಪು, ಒಂದೂಕಾಲು ಇಂಚಿನ ಬಿಳಿ, ಮತ್ತೆ ಕೆಂಪು, ಮತ್ತೆ ಬಿಳಿ, ಕೊನೆಗೆ ಕೆಂಪು. ಲೆಕ್ಕ ಸರಿಯಾಗಿ 16ಕ್ಕೆ ಬರುತ್ತದೆ. ಸೆರಗು ಎಲ್ಲರದ್ದೂ ಒಂದೇ. ಒಡಲ ಬಣ್ಣ ಮಾತ್ರ ಅವರವರ ಇಷ್ಟ. ನವಿಲು ಹಸಿರು, ಗಿಳಿ ಹಸಿರು, ನೀಲಿ, ಚಂದ್ರಕಾಳಿ ಸೀರೆಯ ಕಪ್ಪು. ಕೊನೆಗೆ ಹದಿನಾಲ್ಕನ್ನೂ ಗೋಡೆಗೆ ಸಾಲಾಗಿ ಒರಗಿಸಿದಾಗ ಒಂದೇ ಮನೆತನದವು ಅನಿಸುತ್ತವೆ, ಆದರೆ ಒಂದರಂತೆ ಇನ್ನೊಂದು ಇರುವುದಿಲ್ಲ.

ಈಗ ಕೈಕೆಲಸ. ಇಡೀ ಸೆರಗಿಗೆ ಮೂರೇ ಒತ್ತು ಸಾಕು. 8ನೇ ನಂಬರಿನ ಚಪ್ಪಟೆ ಬ್ರಶ್ಶಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ನೆಟ್ಟಗೆ ಹಿಡಿದು, ಕ್ಯಾನ್ವಾಸಿಗೆ ಸುಮ್ನೆ ತಾಗಿಸಿ ಎತ್ತಿ. ಒಂದು ಸಣ್ಣ ಗೆರೆ ಮೂಡುತ್ತದೆ. ಎಳೆಯಬಾರದು, ಮುದ್ರೆ ಒತ್ತಿದ ಹಾಗೆ ಒತ್ತಬೇಕು. ಪ್ರತಿ ಗೆರೆಯೂ ಬ್ರಶ್ಶಿನ ಅಗಲದಷ್ಟೇ ಉದ್ದ ಬರುವುದರಿಂದ ಅಳತೆ ತಾನಾಗಿಯೇ ಸರಿಹೋಗುತ್ತದೆ. ಪಕ್ಕಪಕ್ಕ ಒತ್ತುತ್ತ ಹೋದರೆ ಹಣಿಗೆ ಆಯಿತು. ಅದೇ ಬ್ರಶ್ ಮಲಗಿಸಿ ಒಂದು ಚೂರು ಎಳೆದರೆ ಚೌಕ ಬರುತ್ತದೆ. ಒಂದು ಚೌಕ, ಒಂದು ಖಾಲಿ, ಒಂದು ಚೌಕ ಅಂತ ಹೋದರೆ ಕೋಟೆಗೋಡೆ. ಇನ್ನು ಜೋಳದ ತೆನೆಗೆ 4ನೇ ನಂಬರಿನ ದುಂಡು ಬ್ರಶ್. ಅದನ್ನು ಒತ್ತಿ, ಎಳೆಯುತ್ತ ಮೆಲ್ಲಗೆ ಎತ್ತಿದರೆ ಕಾಳಿನ ಆಕಾರ ಬರುತ್ತದೆ. ನಡುವೆ ಒಂದು, ಎರಡೂ ಕಡೆ ಓರೆಯಾಗಿ ಒಂದೊಂದು ಇಟ್ಟರೆ ಸಣ್ಣ ತೆನೆ.

ಈ ಒತ್ತುಗಳಿಗೆ ಬಣ್ಣದ ಹದ ಮುಖ್ಯ. ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು ಇರಬೇಕು. ತೀರಾ ಗಟ್ಟಿಯಾದರೆ ಗೆರೆ ತುಂಡಾಗುತ್ತದೆ, ತೀರಾ ನೀರಾದರೆ ಹಬ್ಬುತ್ತದೆ. ಎಲ್ಲರಿಗೂ ಹಳೆಯ ಪತ್ರಿಕೆಯ ಒಂದು ಹಾಳೆ ಕೊಟ್ಟು ಮೊದಲು ಹತ್ತು ಹನ್ನೆರಡು ಸಲ ಒತ್ತಿಸಿ. ರಂಗೋಲಿ ಹಾಕುವ ಕೈಗಳಿಗೆ ಇದು ಬೇಗ ಒಲಿಯುತ್ತದೆ. ಅಂತರ ತಪ್ಪುವವರಿಗೆ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಅರ್ಧ ಇಂಚಿಗೊಂದು ಚುಕ್ಕಿ ಇಟ್ಟುಕೊಡಿ.

ಬಣ್ಣದ ಬಗ್ಗೆ ಕೇಳಿದ್ದೀರಿ. ಅಕ್ರಿಲಿಕ್ ತನ್ನಿ, ಬೇರೆ ಯಾವುದೂ ಬೇಡ. ಆಯಿಲ್ ಪೇಂಟ್ ಒಣಗಲು ದಿನಗಟ್ಟಲೆ ಬೇಕು, ಟರ್ಪಂಟೈನ್ ವಾಸನೆ ಬೇರೆ. ಪೋಸ್ಟರ್ ಬಣ್ಣ ಅಗ್ಗ, ಆದರೆ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಕೆಂಪಿನ ಮೇಲೆ ಬಿಳಿ ಹಚ್ಚಿದ ಕೂಡಲೇ ಕೆಳಗಿನ ಕೆಂಪು ಎದ್ದು ಎಲ್ಲ ಗುಲಾಬಿ ಆಗುತ್ತದೆ. ನಿಮ್ಮ ಸೆರಗು ನಿಂತಿರುವುದೇ ಕೆಂಪಿನ ಮೇಲಿನ ಬಿಳಿಯ ಮೇಲೆ. ಅಕ್ರಿಲಿಕ್‌ನಲ್ಲಿ ನೀರು ಆರಿದ ಮೇಲೆ ಬಣ್ಣ ತೆಳು ಪ್ಲಾಸ್ಟಿಕ್ ಪದರವಾಗಿ ಕೂತುಬಿಡುತ್ತದೆ. ಮತ್ತೆ ನೀರಿಗೆ ಕರಗುವುದಿಲ್ಲ. ಕ್ಯಾಮಲಿನ್, ಫೆವಿಕ್ರಿಲ್ ಯಾವುದಾದರೂ ನಡೆಯುತ್ತದೆ. ಇಬ್ಬರದ್ದನ್ನೂ ಬೆರೆಸಿದರೂ ತೊಂದರೆಯಿಲ್ಲ. ಯಾರಾದರೂ "ಹೋಳಿ ಬಣ್ಣ ಉಳಿದಿದೆ, ಫೆವಿಕಾಲ್ ಹಾಕಿ ಕಲಸೋಣ" ಅಂದರೆ ಕೈ ಮುಗಿದುಬಿಡಿ. ಬಾಗಲಕೋಟೆಯಲ್ಲಿ ಆ ಸಲಹೆ ಬಂದೇ ಬರುತ್ತದೆ. ಅಂದ ಹಾಗೆ, ಈ ವರ್ಷ ಹೋಳಿ ಯಾವಾಗ ಅಂತ ಒಮ್ಮೆ ಕ್ಯಾಲೆಂಡರ್ ನೋಡಿ. ನಿಮ್ಮೂರಲ್ಲಿ ಬಣ್ಣದ ಬಂಡಿ ಹೊರಟ ದಿನಗಳಲ್ಲಿ ಯಾರೂ ಸ್ವಚ್ಛ ಬಟ್ಟೆಯಲ್ಲಿ ನಿಮ್ಮ ಮನೆ ತಲುಪುವುದಿಲ್ಲ.

ಎಷ್ಟು ಬಣ್ಣ? ಒಬ್ಬರಿಗೆ ಕೆಂಪು 20 ಮಿಲಿ, ಒಡಲ ಬಣ್ಣ 15 ಮಿಲಿ, ಬಿಳಿ 15 ಮಿಲಿ, ಹಳದಿ 5 ಮಿಲಿ ಹಿಡಿಯಿರಿ. ಕ್ಯಾನ್ವಾಸ್ 16 ತನ್ನಿ. ಎರಡು ಕೈಯಲ್ಲಿರಲಿ, ಹೇಳದೆ ಬರುವವರು ಇದ್ದೇ ಇರುತ್ತಾರೆ. ಆಗ ಕೆಂಪು 320 ಮಿಲಿ, ಬಿಳಿ 240 ಮಿಲಿ ಆಯಿತು. ಸಣ್ಣ ಟ್ಯೂಬುಗಳಲ್ಲಿ ತಂದರೆ ದುಬಾರಿ. ಕೆಂಪು ಮತ್ತು ಬಿಳಿಯನ್ನು ದೊಡ್ಡ ಡಬ್ಬಿಯಲ್ಲೇ ತೆಗೆದುಕೊಳ್ಳಿ. ಒಡಲಿಗೆ ಗಾಢ ನೀಲಿ, ನಿಂಬೆ ಹಳದಿ, ಹಸಿರು, ಕಪ್ಪು ಇಷ್ಟಿದ್ದರೆ ಬೇಕಾದ್ದು ಕಲಸಬಹುದು. ಹಸಿರಿಗೆ ಒಂಚೂರು ನೀಲಿ ಹಾಕಿದರೆ ನವಿಲಿನ ಕಡೆ ಹೋಗುತ್ತದೆ, ಹಳದಿ ಹಾಕಿದರೆ ಗಿಳಿಯ ಕಡೆ. ಯಾವಾಗಲೂ ತಿಳಿ ಬಣ್ಣಕ್ಕೆ ಗಾಢ ಬಣ್ಣ ಸ್ವಲ್ಪ ಸ್ವಲ್ಪ ಸೇರಿಸಿ. ಉಲ್ಟಾ ಮಾಡಿದರೆ ಡಬ್ಬಿ ಹಳದಿ ಸುರಿದರೂ ಕಪ್ಪು ಹಸಿರು ತಿಳಿಯಾಗುವುದಿಲ್ಲ. ಹಸಿ ಬಣ್ಣ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ ಅನ್ನುವುದೂ ನೆನಪಿರಲಿ. ಖರ್ಚಿನಲ್ಲಿ ದೊಡ್ಡ ಪಾಲು ಕ್ಯಾನ್ವಾಸಿನದು. ಮರದ ಚೌಕಟ್ಟಿಗೆ ಬಿಗಿದದ್ದರ ಬದಲು, ದಪ್ಪ ರಟ್ಟಿಗೆ ಅಂಟಿಸಿದ ಕ್ಯಾನ್ವಾಸ್ ಬೋರ್ಡ್ ತಂದರೆ ಉಳಿತಾಯ. ಟೇಬಲ್ ಮೇಲೆ ಮಲಗಿಸಿ ಮಾಡುವ ಕೆಲಸಕ್ಕೆ ಬೋರ್ಡೇ ಒಳ್ಳೆಯದು, ಬ್ರಶ್ ಒತ್ತಿದಾಗ ಕುಣಿಯುವುದಿಲ್ಲ. ಒಂದೇ ಅಳತೆಯ 16 ಬೋರ್ಡು ಊರಿನ ಸ್ಟೇಷನರಿ ಅಂಗಡಿಯಲ್ಲಿ ಒಟ್ಟಿಗೆ ಸಿಗುವುದು ಅನುಮಾನ. ಹತ್ತು ದಿನ ಮುಂಚೆ ಹೇಳಿ ತರಿಸಿ.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ. ಯಾರ ಮುಂದೆಯೂ ಖಾಲಿ ಬಿಳಿ ಕ್ಯಾನ್ವಾಸ್ ಇಡಬೇಡಿ. ಚಿತ್ರ ಬರದವರಿಗೆ ಅದರಷ್ಟು ಹೆದರಿಕೆ ಹುಟ್ಟಿಸುವ ವಸ್ತು ಇನ್ನೊಂದಿಲ್ಲ. ಶನಿವಾರವೇ ನೀವು ಮತ್ತು ಗೆಳತಿಯರು ಕೂತು ಎಲ್ಲ ಬೋರ್ಡುಗಳಿಗೂ ಸೆರಗಿನ ಕೆಂಪು ಪಟ್ಟೆ ಹಚ್ಚಿಬಿಡಿ. ಬಿಳಿ ಪಟ್ಟೆ ಬರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಉಗುರಿನಿಂದ ಅಂಚು ಒತ್ತಿ. ಮೊದಲು ಟೇಪಿನ ಅಂಚಿನ ಮೇಲೆ ತೆಳ್ಳಗೆ ಬಿಳಿ ಬಣ್ಣ ಎಳೆದು ಒಣಗಿಸಿ. ಟೇಪಿನ ಕೆಳಗೆ ನುಗ್ಗುವುದೇನಿದ್ದರೂ ಬಿಳಿಯೇ ನುಗ್ಗಿ ದಾರಿ ಮುಚ್ಚುತ್ತದೆ. ಆಮೇಲೆ ಕೆಂಪು ಹಚ್ಚಿದರೆ ಅಂಚು ಚಾಕುವಿನಿಂದ ಕತ್ತರಿಸಿದಷ್ಟು ನೇರ ಬರುತ್ತದೆ. ಎರಡನೇ ಕೋಟ್ ಪೂರ್ತಿ ಒಣಗುವ ಮುಂಚೆಯೇ ಟೇಪ್ ಎಳೆದುಬಿಡಿ. ಪೂರ್ತಿ ಒಣಗಿದರೆ ಬಣ್ಣದ ಪದರವೂ ಟೇಪಿನ ಜೊತೆ ಕಿತ್ತು ಬರಬಹುದು.

ಕೆಂಪಿನಲ್ಲಿ ಒಂದು ತೊಡಕಿದೆ. ಕ್ರಿಮ್ಸನ್ ಥರದ ಕಡುಗೆಂಪು ಪಾರದರ್ಶಕ. ಬಿಳಿ ಬೋರ್ಡಿನ ಮೇಲೆ ಎಷ್ಟು ಹಚ್ಚಿದರೂ ಬ್ರಶ್ಶಿನ ಗೆರೆ ಕಾಣುತ್ತದೆ. ಅದಕ್ಕೆ ಮೊದಲ ಕೋಟ್ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಹಚ್ಚಿ, ಒಣಗಿದ ಮೇಲೆ ಕೆಂಪು. ಇಳಕಲ್‌ನ ಆ ದಾಳಿಂಬೆ ಕೆಂಪು ಬರಬೇಕಾದರೆ ಕ್ರಿಮ್ಸನ್‌ಗೆ ಚಿಟಿಕೆಯಷ್ಟು ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸೇರಿಸಿ. ಕಪ್ಪು ಹಾಕಬೇಡಿ, ಕೆಂಪು ಸತ್ತುಹೋಗುತ್ತದೆ. ಹಳದಿಯದೂ ಇದೇ ಕಥೆ. ಕೆಂಪಿನ ಮೇಲೆ ನೇರವಾಗಿ ಹಳದಿ ತೆನೆ ಇಟ್ಟರೆ ಮಂಕು ಕಿತ್ತಳೆಯಾಗಿ ಕಾಣುತ್ತದೆ. ಮೊದಲು ಬಿಳಿಯಲ್ಲಿ ತೆನೆ ಇಟ್ಟು, ಒಣಗಿದ ಮೇಲೆ ಅದರ ಮೇಲೆ ಹಳದಿ ಇಡಬೇಕು.

ಹೀಗೆ ಸೆರಗು ಸಿದ್ಧವಾಗಿದ್ದರೆ, ಬಂದವರು ಕೂತ ಕೂಡಲೇ ಮುಂದೆ ಅರ್ಧ ಸೀರೆ ಕಾಣುತ್ತದೆ. ತಡವಾಗಿ ಬಂದವರೂ ಹಿಂದೆ ಬೀಳುವುದಿಲ್ಲ. ನಾಲ್ಕು ಗಂಟೆ ಅಂದರೆ ನಾಲ್ಕೂವರೆ ಆಗುವುದು ನಮ್ಮ ಕಡೆ ಹೊಸದೇನಲ್ಲ. ಮತ್ತೆ, ಒಂದು ವಾರ ಮುಂಚೆ ನೀವೊಬ್ಬರೇ ಕೂತು ಇಡೀ ಚಿತ್ರ ಮಾಡಿ ನೋಡಿ, ಗಡಿಯಾರ ಇಟ್ಟುಕೊಂಡು. ನಿಮಗೆ ಹಿಡಿದ ಹೊತ್ತಿನ ಎರಡು ಪಟ್ಟು ಗುಂಪಿಗೆ ಬೇಕು. ಪಾರ್ಟಿ ದಿನ ನೀವು ನಿಮ್ಮ ಚಿತ್ರ ಬಿಡಿಸಲು ಕೂರಬೇಡಿ. ನಡೆಸುವವರು ನಿಂತೇ ಇರಬೇಕು.

ಮಾಳಿಗೆ ಬೇಡ. ಮಾರ್ಚ್ ಶುರುವಿಗೇ ನಿಮ್ಮಲ್ಲಿ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ. ಕಾಂಕ್ರೀಟು ಆರಲು ಸಂಜೆ ಆಗಬೇಕು. ಬಿಸಿ ಗಾಳಿಗೆ ತಾಟಿನಲ್ಲಿ ಹಾಕಿದ ಬಣ್ಣ ಐದು ಹತ್ತು ನಿಮಿಷದಲ್ಲಿ ಚರ್ಮ ಕಟ್ಟುತ್ತದೆ. ಧೂಳು ಬಂದು ಹಸಿ ಬಣ್ಣಕ್ಕೆ ಕೂರುತ್ತದೆ. ನೆರಳಿಗೆ ಅಂತ ಶಾಮಿಯಾನ ಹಾಕಿಸಿದರೆ ಇನ್ನೊಂದು ಪೇಚು. ಕೆಂಪು ಹಳದಿ ಬಟ್ಟೆಯ ಕೆಳಗೆ ಬರುವ ಬೆಳಕೂ ಕೆಂಪು ಹಳದಿಯೇ. ಅಲ್ಲಿ ನವಿಲು ಹಸಿರು ಅಂತ ಕಲಸಿದ್ದು ಕೆಳಗಿಳಿದು ಬಂದಾಗ ಬೇರೆಯೇ ಬಣ್ಣ. ಹಾಲ್‌ನಲ್ಲೇ ಮಾಡಿ. ಹಳದಿ ಬಲ್ಬು ಆರಿಸಿ, ಬಿಳಿ ಟ್ಯೂಬ್ ಲೈಟ್ ಹಾಕಿ. ಫ್ಯಾನ್ ಸಣ್ಣಗೆ ತಿರುಗಲಿ. ಮಾಳಿಗೆಯನ್ನು ಕೊನೆಗೆ ಫೋಟೊ ತೆಗೆಯಲು ಇಟ್ಟುಕೊಳ್ಳಿ, ಸಂಜೆ ಆರರ ಹೊತ್ತಿಗೆ ಅಲ್ಲಿ ಬೆಳಕು ಚಂದ ಇರುತ್ತದೆ.

ಶಾಮಿಯಾನ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಮದುವೆ ಊಟದ ಉದ್ದನೆ ಟೇಬಲ್ಲುಗಳು ಇರುತ್ತವೆ. ಅವೇ ಸಾಕು, ಚಿತ್ರ ನಿಲ್ಲಿಸುವ ಈಸೆಲ್ ಗೀಸೆಲ್ ಏನೂ ಬೇಡ. ಊಟದ ಟೇಬಲ್ಲಿಗೆ ಹಾಸುವ ಬಿಳಿ ಪೇಪರ್ ರೋಲನ್ನೂ ಅವರ ಹತ್ತಿರವೇ ಕೇಳಿ ತನ್ನಿ. ಹಾಸಿದರೆ ಟೇಬಲ್ ಉಳಿಯುತ್ತದೆ, ಕೊನೆಗೆ ಸುತ್ತಿ ಎಸೆಯಬಹುದು. ಒಬ್ಬರಿಗೆ ಎರಡೂವರೆ ಅಡಿ ಜಾಗ ಕೊಡಿ, ಮೊಣಕೈ ತಾಗಬಾರದು. ಬೋರ್ಡಿನ ತಲೆಯ ಕೆಳಗೆ ಒಂದು ದಪ್ಪ ಪುಸ್ತಕ ಇಟ್ಟರೆ ಕುತ್ತಿಗೆ ನೋಯುವುದಿಲ್ಲ. ಬಣ್ಣ ಹಾಕಲು ಮೇಣ ಸವರಿದ ಪೇಪರ್ ತಾಟು ಸಾಕು. ಪತ್ರಾವಳಿ ತರಬೇಡಿ, ಎಲೆಗಳ ಸಂದಿಯಲ್ಲಿ ಬಣ್ಣ ಸೋರುತ್ತದೆ. ತಾಟಿನಲ್ಲಿ ಒಂದು ಟಿಶ್ಯೂ ಒದ್ದೆ ಮಾಡಿ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿದರೆ ಸೆಕೆಯಲ್ಲೂ ಬೇಗ ಒಣಗುವುದಿಲ್ಲ. ಎಲ್ಲರ ತಾಟಿನಲ್ಲೂ ಬಣ್ಣಗಳು ಒಂದೇ ಜಾಗದಲ್ಲಿರಲಿ. ಬಿಳಿ ಗಡಿಯಾರದ ಹನ್ನೆರಡರ ಜಾಗದಲ್ಲಿ, ಹಳದಿ ಮೂರರ ಜಾಗದಲ್ಲಿ, ಹೀಗೆ. ಆಗ ನೀವು ಮುಂದೆ ನಿಂತು ಹೇಳುವಾಗ ಹುಡುಕಾಟ ಇರುವುದಿಲ್ಲ.

ನೀರಿಗೆ ಒಬ್ಬರಿಗೆ ಎರಡು ಪಾತ್ರೆ. ಒಂದು ಬ್ರಶ್ ತೊಳೆಯಲು, ಒಂದು ಸ್ವಚ್ಛ ನೀರಿಗೆ. ಎರಡೂ ಸ್ಟೀಲಿನ ತಂಬಿಗೆ ಇರಲಿ, ಚಹಾ ಪೇಪರ್ ಕಪ್ಪಿನಲ್ಲಿರಲಿ. ನೀರೂ ಚಹಾನೂ ಒಂದೇ ಥರದ ಲೋಟದಲ್ಲಿ ಇಟ್ಟರೆ ಯಾರಾದರೊಬ್ಬರು ಚಹಾದಲ್ಲಿ ಬ್ರಶ್ ಅದ್ದುತ್ತಾರೆ. ಇದರಲ್ಲಿ ನನಗೆ ಸಂಶಯವೇ ಇಲ್ಲ.

ಸಮಯ ಹೀಗೆ ಹಂಚಿಕೊಳ್ಳಿ. ನಾಲ್ಕಕ್ಕೆ ಕರೆಯಿರಿ, ಚಹಾ ಮಾತು ಮುಗಿಸಿ ನಾಲ್ಕೂವರೆಗೆ ಕೂರಿಸಿ. ಮೊದಲ ಕೆಲಸ ಒಡಲ ಬಣ್ಣ ಹಚ್ಚುವುದು. ಒಂದಿಂಚಿನ ಅಗಲದ ಬ್ರಶ್ ಕೊಡಿ. ಬಣ್ಣ ಆರಿಸುವುದು, ಕಲಸುವುದು, ಹಚ್ಚುವುದು, ಇಲ್ಲಿ ತಪ್ಪಾಗಲು ಏನೂ ಇಲ್ಲ. ಕೈ ಸಲೀಸಾಗುತ್ತದೆ. ಸೆರಗಿನ ಮೇಲಂಚಿಗೆ ಟೇಪ್ ಹಾಕಿಟ್ಟಿರಿ. ಐದಕ್ಕೆ ಎಲ್ಲರನ್ನೂ ಎಬ್ಬಿಸಿ, ತಿಂಡಿಗೆ ಕರೆದೊಯ್ಯಿರಿ. ಅವರು ತಿನ್ನುವಷ್ಟರಲ್ಲಿ ಬಣ್ಣ ಒಣಗಿರುತ್ತದೆ. ಒಣಗದ ಕಡೆ ಹೇರ್ ಡ್ರೈಯರ್ ಹಿಡಿಯಿರಿ. ಐದೂಕಾಲಿಗೆ ವಾಪಸ್ ಬಂದು ಪತ್ರಿಕೆಯ ಮೇಲೆ ಒತ್ತು ಕಲಿತು, ಸೆರಗಿನ ಅಂಚಿಗೆ ಕೈ ಹಾಕುವುದು. ಇದಕ್ಕೆ ಒಂದು ತಾಸು ಬಿಡಿ. ನಿಜವಾದ ಪಾರ್ಟಿ ಇದೇ ತಾಸಿನಲ್ಲಿ ನಡೆಯುವುದು. ಕೈ ಒಂದೇ ಕೆಲಸ ಮಾಡುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಈ ಹೊತ್ತಿನಲ್ಲಿ ನೀವು ಜಾಸ್ತಿ ಮಾತಾಡಬೇಡಿ, ಹಾಡು ಜೋರಾಗಿ ಹಾಕಬೇಡಿ.

ಬೇಗ ಮುಗಿಸುವವರು ಇಬ್ಬರಾದರೂ ಇರುತ್ತಾರೆ. ಅವರಿಗೆ ಒಡಲ ಮೇಲೆ ಕಸೂತಿ ಕೊಡಿ. ಗೋಪುರ, ತೇರು, ತುಳಸಿ ಕಟ್ಟೆ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಚೌಕುಳಿ ಹಾಳೆಯ ಮೇಲೆ ಸಲೀಸಾಗಿ ಬರುತ್ತದೆ. ಹಾಳೆಯಲ್ಲಿ ಬರೆದಿಟ್ಟಿರಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಹಳದಿ ಕಾರ್ಬನ್ ಹಾಳೆ ಕೆಳಗಿಟ್ಟು ತಿದ್ದಿದರೆ ಗಾಢ ಬಣ್ಣದ ಮೇಲೂ ಗುರುತು ಮೂಡುತ್ತದೆ. ಇಲ್ಲದಿದ್ದರೆ ಹಾಳೆಯ ಹಿಂದೆ ಸೀಮೆಸುಣ್ಣ ಉಜ್ಜಿ ತಿದ್ದಿ. ಮೇಲೆ ಸಣ್ಣ ಬ್ರಶ್ಶಿನಿಂದ ಗೆರೆ, ಅಥವಾ ಇಯರ್‌ಬಡ್ ಕಡ್ಡಿಯಿಂದ ಚುಕ್ಕಿ. ನಿಧಾನದವರಿಗೆ ಒಡಲು ಬರೀ ಬಣ್ಣವಾಗಿ ಉಳಿದರೂ ಸೀರೆ ಪೂರ್ತಿಯೇ.

ಹಿರಿಯರ ವಿಷಯ. ಈ ಪಾರ್ಟಿಯ ರೂಢಿ ಹರಡಿದ್ದು ಅಮೆರಿಕದ ದಕ್ಷಿಣ ರಾಜ್ಯಗಳಿಂದ. ಕತ್ರೀನಾ ಚಂಡಮಾರುತದ ಪೆಟ್ಟು ಇನ್ನೂ ಆರದಿದ್ದಾಗ, 2007ರಲ್ಲಿ ಲೂಸಿಯಾನಾದಲ್ಲಿ ಇಬ್ಬರು ಗೆಳತಿಯರು ಇಂಥ ಒಂದು ಸ್ಟುಡಿಯೋ ತೆರೆದರು. ಅದು ಮುಂದೆ ದೊಡ್ಡ ಕಂಪನಿಯೇ ಆಯಿತು. ಅಲ್ಲಿ ಸಂಕೋಚ ಬಿಡಿಸಲು ಕೈಯಲ್ಲಿ ವೈನ್ ಗ್ಲಾಸು ಇರುತ್ತದೆ. ನಿಮ್ಮಲ್ಲಿ ಆ ಕೆಲಸವನ್ನು ಸೀರೆಯ ಮಾತು ಮಾಡುತ್ತದೆ. ಟೇಬಲ್ಲಿನಿಂದ ಸ್ವಲ್ಪ ದೂರ, ಎಲ್ಲರಿಗೂ ಕಾಣುವಂತೆ ನಿಜವಾದ ಸೀರೆ ಹರಡಿಡಿ. ಯಾರ ಮದುವೆಯಲ್ಲಿ ಉಟ್ಟದ್ದು, ಯಾರು ತಂದದ್ದು ಅಂತ ಶುರುವಾಗುತ್ತದೆ. ಅತ್ತೆ "ಏ ತಂಗಿ, ತೆನಿ ಹಿಂಗ ಇರಂಗಿಲ್ಲ, ನೋಡಿಲ್ಲೆ" ಅಂತ ತಿದ್ದಿದರೆ ಸಂತೋಷಪಡಿ.

ನಿಮ್ಮ ಕೈ ಮಾತ್ರ ಯಾರ ಬೋರ್ಡಿಗೂ ತಾಗಬಾರದು. ಸರಿ ಮಾಡಿಕೊಡಲು ಎಷ್ಟೇ ಆಸೆಯಾದರೂ ಪಕ್ಕದ ಪತ್ರಿಕೆಯ ಮೇಲೆ ಮಾಡಿ ತೋರಿಸಿ. ಒಂದು ಗೆರೆ ನೀವು ಎಳೆದರೆ ಆ ಚಿತ್ರ ಅವರದ್ದಾಗಿ ಉಳಿಯುವುದಿಲ್ಲ. ಬಹುಮಾನ ಇಡಬೇಡಿ, "ಇವರದ್ದು ಎಷ್ಟು ಚಂದ ನೋಡ್ರಿ" ಅಂತ ಎತ್ತಿ ತೋರಿಸಬೇಡಿ. ಉಳಿದ ಹದಿಮೂರು ಜನ ತಮ್ಮದನ್ನು ನೋಡಿಕೊಳ್ಳುತ್ತಾರೆ. ತಪ್ಪಾಯಿತು ಅಂತ ಯಾರಾದರೂ ಕೈಚೆಲ್ಲಿದರೆ ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಬಹುದು. ಒಣಗಿದ್ದರೆ ಮೇಲೆ ಕೆಂಪು ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊಸ ಜಾಗ. ಕನ್ನಡಕ ಮರೆಯದೆ ತರಲು ಮೊದಲೇ ವಾಟ್ಸಾಪ್‌ನಲ್ಲಿ ಹೇಳಿ. ಇನ್ನು ನಿಮ್ಮ ಅವ್ವ. ಅಷ್ಟು ವರ್ಷ ಮಕ್ಕಳ ಪಾಟಿ ನೋಡಿದವರು, ಎದ್ದು ಎಲ್ಲರ ಬೋರ್ಡು ತಪಾಸಣೆ ಮಾಡಲು ಹೋಗುತ್ತಾರೆ. ಅವರನ್ನು ಗೋಡೆ ಕಡೆಯ ಕುರ್ಚಿಯಲ್ಲಿ ಕೂರಿಸಿ, ಎದ್ದು ಬರಲು ಕಷ್ಟವಾಗುವಂತೆ.

ತಿಂಡಿ ಬೇರೆ ಕೋಣೆಯಲ್ಲಿರಲಿ. ಗಿರಮಿಟ್ಟು, ಮಿರ್ಚಿ ಭಜಿ, ಅಮೀನಗಡದ ಕರದಂಟು, ಏನು ಬೇಕಾದರೂ ಇಡಿ. ಆದರೆ ಎಣ್ಣೆ ತುಪ್ಪದ ಕೈ ಬೋರ್ಡಿಗೆ ತಾಗಿದರೆ ಆ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ. ಸೋಪು, ಟವೆಲ್ಲು ಬಾಗಿಲಲ್ಲೇ ಇಟ್ಟುಬಿಡಿ.

ಬಟ್ಟೆಗೆ ಅಂತ ಏಪ್ರನ್ ಕೊಳ್ಳಬೇಡಿ. ಗಂಡಸರ ಹಳೆಯ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿದರೆ ಸೆರಗು, ತೋಳು ಎಲ್ಲ ಮುಚ್ಚುತ್ತದೆ. ಸೀರೆಗೆ ಬಣ್ಣ ಬಿದ್ದರೆ ಆ ಕ್ಷಣವೇ ಸೋಪು ನೀರಿನಲ್ಲಿ ತೊಳೆಯಬೇಕು. ಒಣಗಿದರೆ ನೀರಿಗೆ ಬಿಡುವುದಿಲ್ಲ. ಹತ್ತಿ ಬಟ್ಟೆಯಾದರೆ ಸ್ಯಾನಿಟೈಸರ್ ಹಚ್ಚಿ ಮೆತ್ತಗಾದ ಮೇಲೆ ಉಜ್ಜಿ ನೋಡಬಹುದು. ರೇಷ್ಮೆಗೆ ಅದನ್ನು ಹಚ್ಚಬೇಡಿ. ಹಾಸಿಟ್ಟ ಆ ಟೋಪ್ ತೆನಿ ಸೀರೆಯ ಸೆರಗು ರೇಷ್ಮೆಯದ್ದೋ ಕೃತಕ ರೇಷ್ಮೆಯದ್ದೋ ಇರುತ್ತದೆ. ಅದನ್ನು ಟೇಬಲ್ಲಿನಿಂದ ನಾಲ್ಕು ಅಡಿ ದೂರ ಇಡಿ.

ಇಬ್ಬರು ಮಕ್ಕಳಿಗೆ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಅಡ್ಡ ಕತ್ತರಿಸಿದ ಬೆಂಡೆಕಾಯಿ ಮತ್ತು ಬಣ್ಣದ ತಾಟು ಕೊಡಿ. ಒತ್ತಿದರೆ ಹೂವು. ಬಿಳಿ ಬಟ್ಟೆ ಚೀಲ ಒಂದೊಂದು ಕೊಟ್ಟರೆ ಒಂದು ತಾಸು ನಿಶ್ಚಿಂತೆ. ಇದು ಅವರಿಗೆ ಹಿಡಿಸಿದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಮತ್ತೆ ಕರೆಯಿರಿ. ಅಂದು ಎತ್ತಿಗೆ ಬಣ್ಣ ಬಳಿಯಲು ಉಳಿದ ಬಣ್ಣವೇ ಸಾಕಾಗುತ್ತದೆ.

ಬಣ್ಣ ಉಳಿಯಬೇಕಾದರೆ ಮುಚ್ಚಳದ ತಿರುಪಿಗೆ ಸ್ವಲ್ಪ ವ್ಯಾಸಲೀನ್ ಸವರಿ ಮುಚ್ಚಿ, ಇಲ್ಲದಿದ್ದರೆ ಅಂಟಿಕೊಂಡು ಬಿಚ್ಚುವುದಿಲ್ಲ. ಬ್ರಶ್ಶುಗಳನ್ನು ತಂಬಿಗೆಯಲ್ಲಿ ನಿಲ್ಲಿಸಿ ರಾತ್ರಿಯಿಡೀ ಬಿಡಬೇಡಿ, ಕೂದಲು ಬಾಗುತ್ತದೆ. ಮೊದಲು ಪತ್ರಿಕೆಗೆ ಒರೆಸಿ, ಆಮೇಲೆ ಸೋಪು ಹಚ್ಚಿ ಅಂಗೈಯಲ್ಲಿ ತಿಕ್ಕಿ ತೊಳೆದು, ಮಲಗಿಸಿ ಒಣಗಿಸಿ. ಬಣ್ಣದ ನೀರನ್ನು ಸಿಂಕಿಗಾಗಲಿ ತುಳಸಿ ಕಟ್ಟೆಗಾಗಲಿ ಹಾಕಬೇಡಿ, ಅದರಲ್ಲಿರುವುದು ಪ್ಲಾಸ್ಟಿಕ್ಕೇ. ಒಂದು ಬಕೆಟ್ಟಿನಲ್ಲಿ ಸೇರಿಸಿ ಬೆಳಗಿನ ತನಕ ಬಿಟ್ಟರೆ ಬಣ್ಣ ಒಂದಷ್ಟು ತಳಕ್ಕೆ ಕೂರುತ್ತದೆ. ಮೇಲಿನ ನೀರು ಮೆಲ್ಲಗೆ ಬಗ್ಗಿಸಿ, ತಳದ ಗಸಿಯನ್ನು ಪತ್ರಿಕೆಯಲ್ಲಿ ಒಣಗಿಸಿ ಕಸಕ್ಕೆ ಹಾಕಿ. ಚಿತ್ರಗಳನ್ನು ಅದೇ ಸಂಜೆ ಮನೆಗೆ ಒಯ್ಯಬಹುದು. ಆದರೆ ಒಂದರ ಮೇಲೊಂದು ಇಡುವಾಗ ನಡುವೆ ಬಟರ್ ಪೇಪರ್ ಇರಲಿ. ಮೇಲೆ ಒಣಗಿದಂತೆ ಕಂಡರೂ ಹೊಸ ಅಕ್ರಿಲಿಕ್ ಸೆಕೆಗೆ ಒಂದಕ್ಕೊಂದು ಅಂಟುತ್ತದೆ.